ಹುಡುಗನ ಕ್ರಾಪು

ಸಿನಿಮಾದಲ್ಲಿ ನಾನು ಹುಡುಗನಾಗಿದ್ದೆ. ಆಗ ನನಗೆ ಎಂಟು ವರ್ಷ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದ ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಶೂಟಿಂಗ್ ನಡೆಯುತ್ತಿತ್ತು. ಪಾತ್ರ ಮಾಡಬೇಕಿದ್ದ ಬೆಂಗಳೂರಿನ ಹುಡುಗ ಜ್ವರ ಬಂದು ಮಲಗಿಬಿಟ್ಟಿದ್ದ. ಬೇಲಿಯಾಚೆ ನಿಂತು ನೋಡುತ್ತಿದ್ದ ಮಕ್ಕಳಲ್ಲಿ ನಿರ್ದೇಶಕರ ಕಣ್ಣು ನನ್ನ ಮೇಲೆ ಬಿತ್ತು. ಅಪ್ಪನನ್ನು ಕೇಳಿದರು. ಅಪ್ಪನಿಗೆ ಯಾರಿಗೂ ಇಲ್ಲ ಅಂದು ಅಭ್ಯಾಸವಿರಲಿಲ್ಲ. ಅರ್ಧ ಗಂಟೆಯಲ್ಲಿ ನನ್ನ ಎರಡೂ ಜಡೆ ನೆಲದ ಮೇಲಿದ್ದವು. ಅಮ್ಮ ಅವನ್ನು ಪೇಪರಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು.

ನನ್ನದು ಒಂದೇ ಮಾತು. ಪೊಲೀಸ್ ಇನ್ಸ್‌ಪೆಕ್ಟರ್ ಎದುರು ನಿಂತು, "ಸಾರ್, ನಮ್ಮಪ್ಪನ್ನ ಬಿಟ್ಬಿಡಿ ಸಾರ್" ಅನ್ನಬೇಕು. ಸಿನಿಮಾ ಚೆನ್ನಾಗಿ ಓಡಿತು. ಆ ಮಾತು ನನ್ನ ಹೆಸರಿಗಿಂತ ಹೆಚ್ಚು ಜನಕ್ಕೆ ಗೊತ್ತಾಯಿತು. ಶಿವಮೊಗ್ಗ ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುವ ಮೊದಲು ಅದನ್ನು ಹೇಳಿಸುತ್ತಿದ್ದ. ಶಾಲೆಗೆ ಯಾರೇ ದೊಡ್ಡವರು ಬಂದರೂ ಹೆಡ್‌ಮಿಸ್ ನನ್ನನ್ನು ಕರೆಸುತ್ತಿದ್ದರು. ಹೇಳದಿದ್ದರೆ "ಎಷ್ಟು ಜಂಭ ನೋಡು ಮಾರಾಯ್ತಿ" ಅನ್ನುವವರು, ಹೇಳಿದರೆ ಇನ್ನೊಂದು ಸಲ ಅನ್ನುವವರು.

ಬದಲಾದದ್ದು ಅಪ್ಪ. ಅಷ್ಟು ವರ್ಷ ದುಡಿದರೂ ಕಾರ್ಖಾನೆಯಲ್ಲಿ ಅವನು ಯಾರ ಕಣ್ಣಿಗೂ ಬಿದ್ದವನಲ್ಲ. ಈಗ ಗೇಟಿನಲ್ಲಿ ಆಫೀಸರುಗಳೂ ನಿಂತು ಮಾತಾಡಿಸುತ್ತಿದ್ದರು. ಮತ್ತೆರಡು ಸಿನಿಮಾ ಬಂದವು, ಎರಡರಲ್ಲೂ ನಾನು ಹುಡುಗನೇ. ಆಮೇಲೆ ಉದ್ದವಾದೆ. ಯಾರೂ ಕರೆಯಲಿಲ್ಲ. ಅಪ್ಪ ಮಾತ್ರ ಕಾಯುತ್ತಲೇ ಇದ್ದ. ತಿಂಗಳಿಗೊಮ್ಮೆ, ಭಾನುವಾರ, ನನ್ನನ್ನು ಕ್ಷೌರದಂಗಡಿಗೆ ಕರೆದೊಯ್ಯುತ್ತಿದ್ದ. ಗಂಡಸರ ನಡುವೆ ಬಿಳಿ ಬಟ್ಟೆ ಹೊದ್ದು ಕೂತು ನಾನು ಕನ್ನಡಿ ನೋಡದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಹೀಗೆ ನಾಲ್ಕು ವರ್ಷ. ಗೆಳತಿಯರು ಮಲ್ಲಿಗೆ ಮುಡಿದು ಬರುವಾಗ ನನ್ನ ತಲೆಯಲ್ಲಿ ಒಂದು ಕ್ಲಿಪ್ಪೂ ನಿಲ್ಲುತ್ತಿರಲಿಲ್ಲ.

ನಾನು ದೊಡ್ಡವಳಾದ ತಿಂಗಳು ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಇನ್ನು ಇವಳು ಅಂಗಡಿಗೆ ಬರಲ್ಲ."

"ಬೆಂಗಳೂರಿಂದ ಫೋನ್ ಬಂದ್ರೆ ಏನೇ ಮಾಡ್ಲಿ?"

"ನನ್ನ ಹೊಟ್ಟೇಲಿ ಹುಟ್ಟಿದ್ದು ಹೆಣ್ಣು ಅಂತ ಹೇಳಿ."

ಕೂದಲು ಬೆಳೆಯಿತು. ಆ ವರ್ಷವೇ ಅಮ್ಮ ನನ್ನನ್ನು ಶಿವಮೊಗ್ಗದಲ್ಲಿ ಪಿಟೀಲು ಪಾಠಕ್ಕೆ ಸೇರಿಸಿದಳು. ಮೇಷ್ಟ್ರು ಸಿನಿಮಾ ನೋಡುವವರಲ್ಲ. ನನ್ನ ಮುಖ ಅವರಿಗೆ ಯಾವ ಸಿನಿಮಾದ ಮುಖವೂ ಆಗಿರಲಿಲ್ಲ. "ಶ್ರುತಿ ಮಾಡ್ಕೊಂಡ್ಯಾ?" ಅಂದರೆ ಅಷ್ಟೇ ಪ್ರಪಂಚ. ಶನಿವಾರದ ಆ ಎರಡು ಗಂಟೆ ನಾನು ಸರಾಗವಾಗಿ ಉಸಿರಾಡುತ್ತಿದ್ದೆ.

ಹದಿನೆಂಟು ತುಂಬಿದಾಗ ಅಪ್ಪ ನನ್ನನ್ನು ಒಂದು ಆರ್ಕೆಸ್ಟ್ರಾಕ್ಕೆ ಸೇರಿಸಿದ. ಪಿಟೀಲಿಗೆ ಕರೆದಿದ್ದಾರೆ ಅಂತ ನಾನು ಕುಣಿದಾಡಿದ್ದೆ. ಮೊದಲ ಕಾರ್ಯಕ್ರಮದಲ್ಲೇ ಗೊತ್ತಾಯಿತು. ಎರಡು ಹಾಡು ಮುಗಿದ ಮೇಲೆ ನಿರೂಪಕ ಮೈಕಿನಲ್ಲಿ, "ಈ ಹುಡುಗಿ ಯಾರು ಗೊತ್ತಾ ನಿಮಗೆ?" ಅಂದ. ನನ್ನ ಕೈಯಿಂದ ಪಿಟೀಲು ತೆಗೆದಿಟ್ಟು, ಜಡೆಯನ್ನು ಮೇಲೆ ಕಟ್ಟಿಸಿ, ಹುಡುಗರ ಟೋಪಿ ಹಾಕಿಸಿದರು. ಲಂಗ ದಾವಣಿಯಲ್ಲಿ ನಿಂತು ಎಂಟು ವರ್ಷದ ಹುಡುಗನ ದನಿಯಲ್ಲಿ ಆ ಮಾತು ಹೇಳಿದೆ. ಜನ ಶಿಳ್ಳೆ ಹೊಡೆದರು. ಮುಂದಿನ ಸಾಲಿನಲ್ಲಿ ಅಪ್ಪ ಅಕ್ಕಪಕ್ಕದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದ.

ಬಿಡಬೇಕು ಅಂತ ಪ್ರತಿ ಸಲ ಅನ್ನಿಸುತ್ತಿತ್ತು. ಆದರೆ ಅಷ್ಟರಲ್ಲಿ ಕಾರ್ಖಾನೆಯಲ್ಲಿ ಕೆಲಸ ಕಮ್ಮಿಯಾಗಿ ಅಪ್ಪ ಮುಂಚೆಯೇ ನಿವೃತ್ತಿ ತೆಗೆದುಕೊಂಡಿದ್ದ. ದಿನವಿಡೀ ಜಗಲಿಯ ಮೇಲೆ ಕೂತಿರುತ್ತಿದ್ದ. ಸೈರನ್ ಆದಾಗ ಒಮ್ಮೆ ಏಳುತ್ತಿದ್ದ, ಮತ್ತೆ ಕೂರುತ್ತಿದ್ದ. ನನ್ನ ಕಾರ್ಯಕ್ರಮವಿದ್ದ ದಿನ ಮಾತ್ರ ಗಡ್ಡ ಹೆರೆದು, ಇಸ್ತ್ರಿ ಶರ್ಟು ಹಾಕಿಕೊಂಡು, ನನಗಿಂತ ಮೊದಲೇ ಹೊರಟು ನಿಂತಿರುತ್ತಿದ್ದ. ಅದನ್ನು ಅವನಿಂದ ಕಿತ್ತುಕೊಳ್ಳುವುದು ಹೇಗೆ? ಆರು ವರ್ಷ ಆ ಟೋಪಿ ಹಾಕಿದೆ.

ಒಂದು ಮಧ್ಯಾಹ್ನ ಶಂಕರಘಟ್ಟದಲ್ಲಿ ಯೂನಿವರ್ಸಿಟಿ ಹುಡುಗರ ಕಾರ್ಯಕ್ರಮವಿತ್ತು. ನಿರೂಪಕ ಎಂದಿನಂತೆ ಕೇಳಿದ, "ಈ ಹುಡುಗಿ ಯಾರು ಗೊತ್ತಾ ನಿಮಗೆ?" ಯಾರಿಗೂ ಗೊತ್ತಿರಲಿಲ್ಲ. ಸಿನಿಮಾದ ಹೆಸರು ಹೇಳಿದ. ಯಾರೂ ನೋಡಿರಲಿಲ್ಲ. ನಾನು ಟೋಪಿ ಹಾಕಿ ಮಾತು ಹೇಳಿದೆ. ಸಭೆ ಸುಮ್ಮನಿತ್ತು. ಒಬ್ಬನೇ ಒಬ್ಬ ಚಪ್ಪಾಳೆ ಹೊಡೆಯುತ್ತಿದ್ದ, ನಮ್ಮಪ್ಪ. ಸುತ್ತಲಿನ ಹುಡುಗರು ಅವನ ಕಡೆ ತಿರುಗಿದರು. ಅವನ ಕೈಗಳು ಮೆಲ್ಲಗೆ ನಿಂತು ತೊಡೆಯ ಮೇಲೆ ಇಳಿದವು. ಹಿಂದಿನಿಂದ ಒಂದು ಹುಡುಗಿ, "ಅಕ್ಕಾ, ನೀವು ಪಿಟೀಲೇ ಬಾರಿಸಿ, ಚೆನ್ನಾಗಿತ್ತು" ಎಂದು ಕೂಗಿದಳು.

ಎಷ್ಟೋ ವರ್ಷ ಕಾದಿದ್ದ ಮಾತು ಅದು. ಆದರೂ ನನಗೆ ಸಂತೋಷವಾಗಲಿಲ್ಲ. ಅಪ್ಪನ ಕೈಗಳನ್ನೇ ನೋಡುತ್ತಿದ್ದೆ.

ವಾಪಸ್ ಬಸ್ಸಿನಲ್ಲಿ ಅಪ್ಪ, "ಮೈಕ್ ಸರಿ ಇರ್ಲಿಲ್ಲ ಕಣೇ, ಹಿಂದಿನವ್ರಿಗೆ ಕೇಳ್ಸಿಲ್ಲ" ಅಂದ.

"ಕೇಳಿಸ್ತು ಅಪ್ಪಾ. ಇನ್ನು ನಾನು ಆ ಟೋಪಿ ಹಾಕಲ್ಲ."

"ನಿನ್ನಿಷ್ಟ" ಅಂದು ಕಿಟಕಿ ಕಡೆ ತಿರುಗಿದ.

ಟೋಪಿ ಇಲ್ಲದ ನಾನು ಆರ್ಕೆಸ್ಟ್ರಾದವರಿಗೆ ಬೇಕಾಗಿರಲಿಲ್ಲ. ಶಿವಮೊಗ್ಗದ ರಾಗಿಗುಡ್ಡದ ಹತ್ತಿರ ಒಂದು ಕೋಣೆ ಹಿಡಿದು ಮಕ್ಕಳಿಗೆ ಪಾಠ ಶುರು ಮಾಡಿದೆ. ಗಾಯಕರಿಗೆ ಪಕ್ಕವಾದ್ಯ ನುಡಿಸಲು ಹೋಗುತ್ತಿದ್ದೆ. ಅಪ್ಪ ಯಾವುದಕ್ಕೂ ಬರಲಿಲ್ಲ. ವಾರಕ್ಕೊಮ್ಮೆ ಮನೆಗೆ ಹೋದರೆ "ಊಟ ಆಯ್ತಾ" ಬಿಟ್ಟರೆ ಮಾತಿಲ್ಲ. ನಾನು ಹೊರಗೆ ಬಂದು ಅವನನ್ನು ಒಳಗಿಟ್ಟು ಚಿಲಕ ಹಾಕಿದ ಹಾಗಿತ್ತು. ಪಾಠ ಹೇಳುವಾಗಲೂ ಅವನು ಆ ಜಗಲಿಯ ಮೇಲೆ ಕೂತಿದ್ದಾನೆ ಅನ್ನುವುದು ಮನಸ್ಸಿನಿಂದ ಹೋಗುತ್ತಿರಲಿಲ್ಲ.

ಎರಡು ವರ್ಷದ ಮೇಲೆ, ರಾಮನವಮಿಗೆ, ಭದ್ರಾವತಿಯ ದೇವಸ್ಥಾನವೊಂದರಲ್ಲಿ ಗಾಯಕರೊಬ್ಬರ ಸಂಗೀತ ಕಚೇರಿ, ಪಿಟೀಲು ನನ್ನದು. ಅಮ್ಮ ಅಪ್ಪನನ್ನು ಒತ್ತಾಯ ಮಾಡಿ ಕರೆತಂದಳು. ಅವನು ಹಿಂದೆ, ಕಂಬಕ್ಕೆ ಒರಗಿ ಕೂತ. ಪಕ್ಕದವರ ಜೊತೆ ಮಾತಾಡಲಿಲ್ಲ, ಯಾರಿಗೂ ನನ್ನನ್ನು ತೋರಿಸಲಿಲ್ಲ. ಮುಗಿದ ಮೇಲೆ ಪಾನಕದ ಲೋಟ ಹಿಡಿದು ನನ್ನ ಹತ್ತಿರ ಬಂದ.

"ಎರಡನೇ ಹಾಡಲ್ಲಿ ನೀನು ಅವ್ರಿಗಿಂತ ಸ್ವಲ್ಪ ಮುಂದೆ ಓಡ್ದೆ, ಅಲ್ವಾ?"

ಓಡಿದ್ದು ನಿಜ. ಹಾಡಿದವರೂ ಅದರ ಮಾತೆತ್ತಿರಲಿಲ್ಲ.

"ಹೌದಪ್ಪಾ" ಅಂದೆ.

"ನೋಡ್ಕೊ" ಅಂದ. ಲೋಟ ನನ್ನ ಕೈಗೆ ಕೊಟ್ಟು, ಚಪ್ಪಲಿ ಹುಡುಕಲು ಹೋದ.