ಟಪಾಲು ಲಾಯದ ಮೇವಿನ ಕೆಂಪಾಜಮ್ಮ

ಇನ್ನೂ ಮಬ್ಬುಗತ್ತಲೆ. ನಂಜನಗೂಡು ರೈಲು ನಿಲ್ದಾಣದ ಹಿಂದಿರುವ ಕುದುರೆ ಲಾಯದಲ್ಲಿ ಕೆಂಪಾಜಮ್ಮ ಕಾಲು ಮಡಚಿ ಕುಳಿತು ಒಣಗಿದ ಗರಿಕೆ ಕೊಚ್ಚುತ್ತಿದ್ದಾರೆ. ಮರದ ದಿಮ್ಮಿಗೆ ನೆಟ್ಟ ಬಾಗುಕತ್ತಿಯ ಬಾಯಿಗೆ ಹುಲ್ಲಿನ ಹಿಡಿಯನ್ನು ಒತ್ತುತ್ತಾರೆ. ಬೆರಳುದ್ದದ ತುಂಡುಗಳು ಗೋಣಿಯ ಮೇಲೆ ಉದುರುತ್ತವೆ. ಧೂಳು ಏಳುತ್ತದೆ, ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಾರೆ. ಕೆಮ್ಮು ನಿಂತ ಮೇಲೆ ಇನ್ನೊಂದು ಹಿಡಿ.

ಬೆಳಗಿನ ರೈಲು ತರುವ ಟಪಾಲು ಚೀಲಗಳು ಇಲ್ಲಿಂದ ಕುದುರೆ ಗಾಡಿಯಲ್ಲಿ ತಿರುಮಕೂಡಲು ನರಸೀಪುರಕ್ಕೆ ಹೋಗುತ್ತವೆ. ಗಾಡಿ ಓಡಿಸುವ ನಿಂಗರಾಜುವನ್ನು ದಾರಿಯ ಊರುಗಳವರೆಲ್ಲ ಬಲ್ಲರು. ಗಾಡಿ ಎಳೆಯುವ ಕರಿಯನನ್ನೂ ಬಲ್ಲರು. ಕರಿಯನ ಹೊಟ್ಟೆ ನೋಡಿಕೊಳ್ಳುವ ಈ ಹೆಂಗಸನ್ನು ಕೇಳಿದವರಿಲ್ಲ.

ಕೆಂಪಾಜಮ್ಮ ಹೆಮ್ಮರಗಾಲದವರು. ಗಂಡ ಚಾಮಯ್ಯ ಇದೇ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ. ಪ್ಲೇಗು ಬಂದ ವರ್ಷ ಊರೆಲ್ಲ ಬಯಲಿನ ಗುಡಿಸಲುಗಳಿಗೆ ಹೋದರೂ ಅವನು ಕುದುರೆಗಳನ್ನು ಬಿಟ್ಟು ಕದಲಲಿಲ್ಲ. ಐದನೆಯ ದಿನ ಅವನಿಗೂ ಪ್ಲೇಗಿನ ಗಂಟು ಕಾಣಿಸಿತು. ಅವನು ಹೋದ ಮೇಲೆ ಕೆಂಪಾಜಮ್ಮ ಟಪಾಲು ಗಾಡಿಯ ಗುತ್ತಿಗೆದಾರ ಗಂಗಾಧರಸ್ವಾಮಿಯವರ ಮುಂದೆ ನಿಂತು, ಗಂಡನ ಕೆಲಸ ತನಗೆ ಕೊಡಿ ಎಂದು ಕೇಳಿದರು. ಹೆಂಗಸು ಕುದುರೆ ಹಿಡಿಯುವುದು ಬೇಡ, ಮೇವು ನೋಡಿಕೊಳ್ಳಲಿ ಎಂದರು ಸ್ವಾಮಿಗಳು. ಅಂದಿನಿಂದ ಹುಲ್ಲು ಕೊಯ್ಯುವುದು, ಒಣಗಿಸುವುದು, ಕೊಚ್ಚುವುದು, ಹುರುಳಿ ಬೇಯಿಸುವುದು ಎಲ್ಲ ಇವರದೇ.

ಯಾವ ಕುದುರೆಗೆ ಯಾವ ಮೇವು ಎಂದು ನಾನು ಕೇಳಿದರೆ ಕೈ ನಿಲ್ಲಿಸದೆ ಹೇಳುತ್ತಾರೆ: "ಎಳೇ ಕುದುರೆಗೆ ಉದ್ದುಲ್ಲೇ ಸರಿ ಸ್ವಾಮಿ, ನಿಧಾನಕ್ಕೆ ಅಗ್ದು ತಿಂತದೆ. ಅಲ್ಲು ಸವ್ದೋಗಿರೋದು ಅಗಿಯಕ್ಕಾಗ್ದೆ ಉಂಡೆ ಮಾಡಿ ಉಗೀತದೆ. ಅದ್ಕೆ ಕೊಚ್ಚಿ, ನೀರಲ್ಲಿ ನೆನ್ಸಿ, ತೌಡು ಕಲಸ್ಬೇಕು. ತೀರಾ ಸಣ್ಣಕ್ಕೆ ಕೊಚ್ಚುದ್ರೆ ಅಂಗೇ ನುಂಗಿ ಒಟ್ಟೆನೋವಲ್ಲಿ ಒದ್ದಾಡ್ತದೆ."

ಹಲ್ಲು ಸವೆದ ಕುದುರೆ ಈ ಲಾಯದಲ್ಲಿ ಒಂದಿತ್ತು. ಬೂದು ಬಣ್ಣದ ಬೆಳ್ಳಿ. ಚಾಮಯ್ಯ ಮರಿಯಿಂದ ಸಾಕಿದ ಕುದುರೆ. ಅದು ಮುದಿಯಾದ ಮೇಲೆ, ಕರಿಯನಿಗೆ ಕಾಲು ನೋವಾದಾಗ ಮಾತ್ರ ಅದನ್ನು ಗಾಡಿಗೆ ಕಟ್ಟುತ್ತಿದ್ದರು.

ಹೋದ ಆಷಾಢದಲ್ಲಿ ಕಪಿಲೆ ಉಕ್ಕಿ ಬಂದಳು. ರಸ್ತೆ ಉಳಿಯಿತು, ಹೊಳೆದಂಡೆಯ ಹುಲ್ಲುಗಾವಲು ಮುಳುಗಿತು. ಅಟ್ಟದ ಮೇಲಿದ್ದ ಒಣ ಗರಿಕೆ ಒಂದು ಕುದುರೆಗೆ ಸಾಲುವಷ್ಟೇ. ಗಂಗಾಧರಸ್ವಾಮಿಯವರು ರೈಲಿನಲ್ಲಿ ಬೇರೆ ಹುಲ್ಲು ತರಿಸಿದರು. ಯಂತ್ರದಲ್ಲಿ ಒತ್ತಿ ತಂತಿ ಬಿಗಿದ ಹುಲ್ಲು. ಹೊರಗಿನಿಂದ ಬಂಗಾರದ ಬಣ್ಣ. ತಂತಿ ಕತ್ತರಿಸಿದಾಗ ಒಳಗೆ ಬಿಸಿ, ಬೂಷ್ಟಿನ ನಾತ, ಬಿಳಿ ಪುಡಿ. ಸ್ವಾಮಿಗಳೂ ಮೂಗು ಮುಚ್ಚಿಕೊಂಡರು. ಹಿಂದಕ್ಕೆ ಕಳಿಸಿ ಬೇರೆ ತರಿಸಲು ವೇಳೆಯಿರಲಿಲ್ಲ.

"ಗಾಡಿ ಎಳೆಯೋದಕ್ಕೆ ಒಳ್ಳೇದು ಹಾಕು ಕೆಂಪಾಜಮ್ಮ," ಎಂದರು. "ನಾನೇನು ಕಟುಕ ಅಲ್ಲ. ಟಪಾಲು ನಿಂತರೆ ಗುತ್ತಿಗೆ ಹೋಗುತ್ತೆ. ಆಮೇಲೆ ಎರಡು ಕುದುರೆಗೂ ಮೇವಿಲ್ಲ, ನಿನಗೂ ಇಲ್ಲ."

ನಿಂಗರಾಜು ಅತ್ತ ತಿರುಗಿ ನಿಂತು ಹೇಳಿದ: "ಅಕ್ಕಾ, ಕರಿಯಂಗೆ ದಮ್ಮು ಕಟ್ಟುದ್ರೆ ದಾರೀಲೇ ಬಿದ್ದೋಯ್ತದೆ. ನಾ ಏನ್ ಮಾಡ್ಲಿ ಏಳು."

ಸ್ವಾಮಿಗಳು ಹೋದರು. ನಿಂಗರಾಜು ಗಾಡಿ ತೊಳೆಯಲು ಹೋದ. ಮೇವು ಹಾಕಬೇಕಾದವರು ಕೆಂಪಾಜಮ್ಮ ಒಬ್ಬರೇ.

ಒಳ್ಳೆಯ ಗರಿಕೆಯನ್ನು ಕರಿಯನಿಗೆ ಹಾಕಿದರು. ಬೆಳ್ಳಿಗಾಗಿ ತಂತಿಕಟ್ಟಿನ ಹುಲ್ಲನ್ನು ಎಳೆ ಎಳೆಯಾಗಿ ಬಿಡಿಸಿ, ಕಪ್ಪಗಾದದ್ದನ್ನು ಎಸೆದು, ಉಳಿದದ್ದನ್ನು ಒಲೆಯ ಬಳಿ ಹರಡಿ ಒಣಗಿಸಿದರು. ಕೊಡವಿದರು, ಕೊಚ್ಚಿದರು, ಕುದಿನೀರು ಸುರಿದು ಮುಚ್ಚಿಟ್ಟರು, ಆರಿದ ಮೇಲೆ ತೌಡು ಕಲಸಿ ಮುಂದಿಟ್ಟರು. ಬೆಳ್ಳಿ ಮೂಸಿ ನೋಡಿ, ಅವರ ಮುಖ ನೋಡಿ, ತಿಂದಿತು. ಮಳೆ ಬಿಡಲಿಲ್ಲ. ದಿನ ಕಳೆದಂತೆ ಕಟ್ಟುಗಳೊಳಗೆ ಎಸೆಯುವುದೇ ಹೆಚ್ಚಾಯಿತು. ಮೊದಲು ಬೆಳ್ಳಿಗೆ ಕೆಮ್ಮು ಬಂತು. ಆಮೇಲೆ ಉಸಿರೆಳೆದಾಗ ಪಕ್ಕೆಯ ಮೇಲೆ ಗೆರೆ ಬೀಳತೊಡಗಿತು. ಅದೇ ಹುಲ್ಲು ಕೊಡವಿ ಕೊಡವಿ ಕೆಂಪಾಜಮ್ಮನಿಗೂ ಕೆಮ್ಮು ಹಿಡಿಯಿತು.

ಹೊಳೆ ಇಳಿದ ಮೇಲೆ ಮೊದಲ ಹಸಿ ಗರಿಕೆಯ ಹೊರೆಯನ್ನು ಅವರು ಬೆಳ್ಳಿಯ ಮುಂದೆ ಬಿಚ್ಚಿದರು. ಅದು ಒಂದು ಎಸಳು ಬಾಯಿಗೆ ತೆಗೆದುಕೊಂಡಿತು. ಅಗಿಯಲಿಲ್ಲ. ಸಂಜೆಯ ಹೊತ್ತಿಗೆ ಮಲಗಿತು, ಮತ್ತೆ ಏಳಲಿಲ್ಲ. ನಿಂಗರಾಜುವೂ ಇನ್ನಿಬ್ಬರೂ ಸೇರಿ ಹೊಳೆದಂಡೆಯಲ್ಲಿ ಗುಂಡಿ ತೋಡಿದರು.

ಆ ಮಳೆಗಾಲ ನರಸೀಪುರಕ್ಕೆ ಟಪಾಲು ಒಂದು ದಿನವೂ ತಪ್ಪಲಿಲ್ಲ. ಕರಿಯ ಈಗಲೂ ಚೆನ್ನಾಗಿದೆ. ಕೆಂಪಾಜಮ್ಮನ ಕೆಮ್ಮು ಮಾತ್ರ ಹೋಗಿಲ್ಲ. ರಾತ್ರಿ ಒರಗಿಕೊಂಡೇ ನಿದ್ದೆ ಮಾಡುತ್ತಾರೆ. ಆಸ್ಪತ್ರೆಯವರು ಧೂಳಿನ ಕೆಲಸ ಬಿಡು ಎಂದಿದ್ದಾರೆ. "ಬುಟ್ಬುಟ್ಟು ಏನ್ ತಿನ್ನದು?" ಎಂದು ಇವರು ಕೇಳುತ್ತಾರೆ.

ಮತ್ತೆ ಅಂಥದೇ ಹೊತ್ತು ಬಂದರೆ ಒಳ್ಳೆಯ ಹುಲ್ಲು ಯಾವುದಕ್ಕೆ ಎಂದು ನಾನು ಕೇಳಿದಾಗ ಕೊಚ್ಚಿದ ಹುಲ್ಲನ್ನು ಗೋಣಿಯ ನಡುವೆ ಗುಡ್ಡೆ ಮಾಡುತ್ತಾರೆ. ಆಮೇಲೆ ಹೇಳುತ್ತಾರೆ: "ಗಾಡಿ ಎಳೆಯೋದುಕ್ಕೇ ಆಕ್ಬೇಕು ಸ್ವಾಮಿ. ಸ್ವಾಮ್ಗಳು ಏಳಿದ್ರಲ್ಲಿ ಸುಳ್ಳಿರ್ಲಿಲ್ಲ. ನಿಂಗ್ರಾಜನ್ ಮಾತಲ್ಲೂ ಇರ್ಲಿಲ್ಲ. ಆದ್ರೆ ಬೆಳ್ಳೀಗೆ ಅದ್ಯಾವ್ದೂ ಗೊತ್ತಿರ್ಲಿಲ್ವಲ್ಲ. ನಾನು ಇಕ್ಕುದ್ದು ಅಂತ ತಿಂತು."

ಬೆಳ್ಳಿ ಇದ್ದ ಜಾಗದಲ್ಲಿ ಈಗ ಎಳೆಯ ಕಂದು ಕುದುರೆಯೊಂದು ನಿಂತಿದೆ. ಅದಕ್ಕೆ ಹೆಸರೇನು ಎಂದರೆ, "ಒಸದು" ಎನ್ನುತ್ತಾರೆ ಅಷ್ಟೆ. ಹುರುಳಿ ಬೇಯುತ್ತಿದೆ. ದೂರದಲ್ಲಿ ರೈಲು ಕೂಗುತ್ತದೆ, ನಿಂಗರಾಜು ಗಾಡಿಯ ಮೂಕಿ ಎತ್ತುತ್ತಾನೆ. ಕೆಂಪಾಜಮ್ಮ ಮೊಣಕಾಲಿನ ಮೇಲೆ ಕೈಯೂರಿ ಎದ್ದು ನಿಂತು ದಮ್ಮು ತಿರುಗಿಸಿಕೊಳ್ಳುತ್ತಾರೆ.

"ಇನ್ನೊಂದು ಅಟ್ಟ ಕಟ್ಟುಸ್ಕೊಡಿ ಬುದ್ಧಿ ಅಂತ ಸ್ವಾಮ್ಗಳ್ನ ಕೇಳಿವ್ನಿ. ಆಗ್ಲಿ ಅಂದವ್ರೆ. ಮಳೆಗೆ ಮುಂಚೆ ಆದ್ರೆ ಗರ್ಕೆ ತುಂಬ್ಸಿ ಮಡಿಕ್ಕತೀನಿ. ಎರಡುಕ್ಕೂ ಒಂದೇ ಬುಟ್ಟೀಲಿ ತಗ್ದು ಆಕ್ಬೇಕು ಸ್ವಾಮಿ. ಅಷ್ಟೇಯ."