ಅಣ್ಣನ ದೊಡ್ಡ ಸ್ಟೆಪ್ನಿ

ಅಣ್ಣ ತನ್ನ ಪಿಕಪ್‌ಗೆ ದೊಡ್ಡ ಟಯರ್ ಹಾಕಿಸಿದ್ದ. ಅದೇ ಅಳತೆಯ ಸ್ಟೆಪ್ನಿ ಗಾಡಿಯ ಕೆಳಗೆ ಹಿಡಿಸುತ್ತಿರಲಿಲ್ಲ, ಬಾಳೆಗೊನೆಗಳ ನಡುವೆ ನಿಲ್ಲಿಸಿ ಕಟ್ಟುತ್ತಿದ್ದ. ಕಮಲಾಪುರದ ಕೆಂಪು ಬಾಳೆ ಹೇರಿಕೊಂಡು ಕಲಬುರಗಿ ಮಾರ್ಕೆಟ್ಟಿಗೆ ಬಂದರೆ ಹಮಾಲರು ನಗುತ್ತಿದ್ದರು: “ಟಯರ್ ಮಾರ್ತಿಯೋ, ಬಾಳಿಹಣ್ಣು ಮಾರ್ತಿಯೋ?”

“ನಗ್ರಿ ನಗ್ರಿ. ದಾರಿ ಏನ್ ನಮ್ಮಪ್ಪನದಾ?” ಎಂದು ಅಣ್ಣ ಟಯರಿನ ಮೇಲೆ ಅಂಗೈಯಿಂದ ಬಡಿಯುತ್ತಿದ್ದ.

ಒಂದು ಬೆಳಿಗ್ಗೆ ಹಣ್ಣು ಹೆಚ್ಚಾಯಿತು. ಅಣ್ಣ ಚಹಾ ಕುಡಿಯಲು ಹೋದಾಗ ನಾನು ಆ ಟಯರ್ ಇಳಿಸಿ, ಅಲ್ಲಿ ಗೊನೆ ಜೋಡಿಸಿ ತಾಡಪತ್ರಿ ಮುಚ್ಚಿದೆ. ಗಾಡಿಯ ಕೆಳಗೆ ಹಳೆಯ ಸಣ್ಣ ಸ್ಟೆಪ್ನಿ ಇತ್ತಲ್ಲ, ಸಾಕು ಎಂದುಕೊಂಡೆ. ಅಣ್ಣನಿಗೆ ಹೇಳಲಿಲ್ಲ.

ದಾರಿಯಲ್ಲಿ ಹಿಂದಿನ ಟಯರ್ ಒಡೆಯಿತು. ಮಾರ್ಕೆಟ್ಟಿನ ಹರಾಜಿನ ಹೊತ್ತು ಮೀರುತ್ತದೆಂದು ಅಣ್ಣ ಸಣ್ಣದನ್ನೇ ಹಾಕಿಕೊಂಡು ಹೊರಟ. ಒಂದು ಕಡೆ ವಾಲಿದ್ದ ಗಾಡಿ ತಿರುವಿನಲ್ಲಿ ಉರುಳಿತು. ಅವನ ಬಲಗೈ ಮತ್ತೆಂದೂ ಸ್ಟೇರಿಂಗ್ ಹಿಡಿಯಲಿಲ್ಲ.

ದವಾಖಾನೆಯಲ್ಲಿ ಅವ್ವ ಅಳುತ್ತ ಕೇಳಿದಳು: “ದಿನಾ ಆ ದೊಡ್ಡ ಟಯರ್ ಒಯ್ಯಾಂವ ಇವತ್ತೇ ಯಾಕ ಬಿಟ್ಟು ಹೋದ್ಯೋ?”

“ನಾನೇ ಮರತೀನಿ ಯವ್ವಾ,” ಎಂದ.

ಹಾಸಿಗೆಯ ಪಕ್ಕದಲ್ಲೇ ನಾನು ನಿಂತಿದ್ದೆ. ಅವನು ನನ್ನ ಕಡೆ ನೋಡಲೂ ಇಲ್ಲ.

ಈಗ ಅಣ್ಣ ಇಲ್ಲ. ಅವ್ವ ಇಂದಿಗೂ ಮನೆಗೆ ಬಂದವರ ಮುಂದೆ ಅವನ ಮರೆವನ್ನು ಬೈಯುತ್ತಾಳೆ. ನಾನು ಅವರಿಗೆ ಚಹಾ ತಂದುಕೊಡುತ್ತೇನೆ.