ಗಂಜಿಯಲ್ಲಿ ಏನೋ ಉಂಟು

ಕಳೆದ ವಾರ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಯಾರೋ ಬುತ್ತಿಯ ಮುಚ್ಚಳ ತೆಗೆದರು. ಕುಚ್ಚಲಕ್ಕಿ ಗಂಜಿಯ ಹಬೆ ಮೂಗಿಗೆ ಬಡಿದದ್ದೇ ತಡ, ಮೆಲ್ಕಾರಿನ ಬಸ್ ಏಜೆಂಟ್ ಅಜ್ಜ ನೆನಪಾದರು. ಗಂಜಿಯ ಬಟ್ಟಲನ್ನು ಅಷ್ಟು ಸಂಶಯದಿಂದ ನೋಡಿದವರನ್ನು ನಾನು ಬೇರೆ ಕಂಡಿಲ್ಲ...

ಆಗ ನಾನು ಮೂಡುಬಿದಿರೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ವಯಸ್ಸಾದವರಿಗೆ ಆಪರೇಷನ್ ಆದಾಗ, ಜ್ವರ ಏರಿದಾಗ ಇದ್ದಕ್ಕಿದ್ದಂತೆ ಬುದ್ಧಿ ಕಲಸಿಹೋಗುವುದುಂಟು. ಅದನ್ನು ಬೇಗ ಗುರುತಿಸಲು ಇಂಗ್ಲಿಷಿನಲ್ಲಿದ್ದ ಕೆಲವು ಪ್ರಶ್ನೆಗಳನ್ನು ಕನ್ನಡಕ್ಕೆ ತಂದಿದ್ದರು. ಕನ್ನಡದಲ್ಲೂ ಅವು ಕಾಯಿಲೆಯನ್ನು ಸರಿಯಾಗಿ ಹಿಡಿಯುತ್ತವೆಯೇ ಎಂದು ನೋಡಬೇಕಿತ್ತು. ಮೊದಲು ನಾನು ಕೇಳಬೇಕು, ಆಮೇಲೆ ಮನೋವೈದ್ಯರು ಬಂದು ತಮ್ಮ ರೀತಿಯಲ್ಲಿ ಪರೀಕ್ಷಿಸಬೇಕು. ಮೊದಲೇ ಒಬ್ಬರ ತೀರ್ಮಾನ ಇನ್ನೊಬ್ಬರಿಗೆ ಗೊತ್ತಾಗಬಾರದು.

ಅಜ್ಜ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿತ್ತು. ಮನೆಮಾತು ತುಳು. ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಬಂದರೆ ಕೋರ್ಟಿನಲ್ಲಿ ನಿಲ್ಲಿಸಿದ ಹಾಗಾಗುತ್ತಿತ್ತು ಅವರಿಗೆ. "ಕಲ್ಲು ನೀರಿನಲ್ಲಿ ತೇಲುತ್ತದೆಯೇ?" ಎಂದು ಕೇಳಿದ್ದಕ್ಕೆ, ಆಯುಷ್ಯವಿಡೀ ಬಸ್ಸಿಗೆ ಜನ ಕರೆದ ಗಂಟಲಿನಲ್ಲಿ ಗದರಿದರು.

"ಎಂಥ ಮಾರಾಯ್ತಿ, ಇದು ಕೇಳುವ ಪ್ರಶ್ನೆಯಾ? ಈಗ ನೀನು ಕೇಳ್ತೀ, ಆಮೇಲೆ ಡಾಕ್ಟ್ರು ಬಂದು ಕೇಳ್ತಾರೆ. ಪೊಲೀಸರು ಮಾಡುವುದೂ ಹೀಗೆಯೇ. ನನಗೆ ಹುಚ್ಚು ಅಂತ ಬರೆಯಲಿಕ್ಕೆ ಉಂಟಾ ನಿಮಗೆ?"

ನನಗೆ ನಗು ಬಂತು. ಮಧ್ಯಾಹ್ನ ಹೋಗಿ ನೋಡಿದರೆ ಮನುಷ್ಯರೇ ಬೇರೆ. ಕಣ್ಣು ಎಳೆಯುತ್ತಿತ್ತು. ವಾರ್ಡನ್ನೇ ಬಸ್ ಸ್ಟ್ಯಾಂಡ್ ಎಂದುಕೊಂಡು ಬೆಳ್ತಂಗಡಿಗೆ ಹೋಗುವವರನ್ನು ಕರೆಯುತ್ತಿದ್ದರು. ನಡುವೆ ನನ್ನ ಕೈ ಹಿಡಿದು ಪಿಸುಗುಟ್ಟಿದರು: "ಗಂಜಿಯಲ್ಲಿ ಏನೋ ಹಾಕ್ತಾರೆ."

ಬುದ್ಧಿ ಕಲಸಿದವರಲ್ಲಿ ಇಂಥ ಸಂಶಯ ಇದ್ದದ್ದೇ. ಹಾಗೆಯೇ ಗುರುತು ಹಾಕಿದೆ. ಡಾಕ್ಟರಿಗೂ ಹಾಗೆಯೇ ಕಂಡಿತ್ತು.

ಮರುದಿನ ಬೆಳಿಗ್ಗೆ ಅಜ್ಜ ಸರಿಯಾಗಿದ್ದರು. ಯಾವ ಊರು, ಯಾವ ವಾರ, ಎಲ್ಲವನ್ನೂ ಹೇಳಿದರು. ಆಮೇಲೆ ದನಿ ತಗ್ಗಿಸಿ, "ಗಂಜಿ ಕುಡಿದ ಮೇಲೆ ನನಗೆ ಏನೂ ಗೊತ್ತಾಗುವುದಿಲ್ಲ ಮಗಾ. ಸುಳ್ಳಲ್ಲ" ಅಂದರು.

ಬುದ್ಧಿ ನೆಟ್ಟಗಿದ್ದಾಗಲೂ ಅದೇ ಮಾತು! ಸಂಶಯ ನನಗೂ ಅಂಟಿತು. ಅವರ ಜೊತೆಗಿದ್ದದ್ದು ಮಗಳು ಮಾತ್ರ. ಮೆತ್ತಗಿನ ಹೆಂಗಸು, ಗಂಡ ಗಲ್ಫಿನಲ್ಲಿ. ಆ ಮೆತ್ತಗಿನ ಮಾತೇ ನನಗೆ ಈಗ ಬೇರೆ ಥರ ಕೇಳತೊಡಗಿತು. ಮಧ್ಯಾಹ್ನ ಪಕ್ಕದ ಮಂಚದ ಪರದೆಯ ಆಚೆ ನಿಂತೆ. ಮಗಳು ತಂದೆಗೆ ಬೆನ್ನು ಹಾಕಿ, ಎರಡು ಚಮಚಗಳ ನಡುವೆ ಬಿಳಿ ಮಾತ್ರೆಯೊಂದನ್ನು ಪುಡಿ ಮಾಡಿ ಗಂಜಿಗೆ ಉದುರಿಸಿದರು.

"ಎಂಥದು ಅಕ್ಕ ಅದು?"

ಚಮಚ ಕೈಯಿಂದ ಜಾರಿತು. "ನಿದ್ದೆ ಮಾತ್ರೆ... ಮನೆಯಲ್ಲಿ ಇತ್ತು. ಹಗಲು ರಾತ್ರಿ ಬೊಬ್ಬೆ ಹಾಕ್ತಾರೆ ಸಿಸ್ಟರ್. ನಾನು ಒಬ್ಬಳೇ. ಕಣ್ಣು ಮುಚ್ಚದೆ ಎಷ್ಟು ದಿನ ಆಯ್ತು ಗೊತ್ತುಂಟಾ ನಿಮಗೆ?" ಎಂದು ಗೋಡೆಗೆ ಒರಗಿ ಅತ್ತರು.

ಡಾಕ್ಟರು ಬೈಯಲಿಲ್ಲ. ಆ ಮಾತ್ರೆಯೇ ತಲೆ ಇನ್ನಷ್ಟು ಕೆಡಿಸುತ್ತಿದೆ ಎಂದು ತಿಳಿಸಿ ನಿಲ್ಲಿಸಿದರು. ಮಗಳಿಗೆ ಮಲಗಲು ಜಾಗ ಮಾಡಿಕೊಟ್ಟರು. ಕೆಲವೇ ದಿನಗಳಲ್ಲಿ ಅಜ್ಜ ಚೇತರಿಸಿಕೊಂಡರು. ಆದರೆ ಪರದೆಯ ಬಳಿ ನಾವು ಆಡಿದ ಮಾತು ಅವರ ಕಿವಿಗೂ ಬಿದ್ದಿತ್ತು...

ಮನೆಗೆ ಹೊರಡುವ ದಿನ ಕೊನೆಯ ಬಾರಿ ಪ್ರಶ್ನೆ ಕೇಳಿದೆ. ಒಂದೂ ತಪ್ಪಲಿಲ್ಲ. ಡಾಕ್ಟರೂ ಬುದ್ಧಿ ಪೂರ್ತಿ ನೆಟ್ಟಗಿದೆ ಅಂದರು. ಆಗಲೇ ಮಗಳು ಚಾ ತಂದರು. ಅಜ್ಜ ಲೋಟವನ್ನು ಅವರ ಕಡೆಗೇ ತಳ್ಳಿದರು.

"ಮೊದಲು ನೀನು ಕುಡಿ. ನನ್ನನ್ನು ಕೊಲ್ಲಲಿಕ್ಕೆ ನೋಡಿದವಳು ನೀನು."

ಮಗಳು ನಮ್ಮೆಲ್ಲರ ಎದುರು ಕುಡಿದರು.

ಆ ಪ್ರಶ್ನೆಗಳು ಈಗ ನಮ್ಮ ವಾರ್ಡಿನಲ್ಲಿ ದಿನನಿತ್ಯ ಬಳಕೆಯಲ್ಲಿವೆ. ಗಂಜಿಯ ವಾಸನೆ ಬಂದು ಎರಡು ದಿನವಾಗಿರಲಿಲ್ಲ, ಬೆಳ್ತಂಗಡಿ ಪೇಟೆಯಲ್ಲಿ ಆ ಮಗಳೇ ಎದುರಾದರು. ಅಜ್ಜ ಹೋಗಿ ವರ್ಷ ಕಳೆಯಿತಂತೆ. ಹೊರಡುವಾಗ ನನ್ನ ತೋಳು ಹಿಡಿದುಕೊಂಡರು.

"ಸಿಸ್ಟರ್, ಆ ದಿನ ಅಪ್ಪ ಹಾಗೆ ಹೇಳಿದ್ದು ಕಾಯಿಲೆಯಲ್ಲಿ ಅಲ್ಲವಾ? ಬುದ್ಧಿ ಇದ್ದು ಹೇಳಿದ್ದಲ್ಲ ತಾನೇ?"

"ಕಾಯಿಲೆಯಲ್ಲಿಯೇ ಅಕ್ಕ" ಅಂದೆ.

ಅವರು ನನ್ನ ತೋಳು ಬಿಟ್ಟರು. ನಂಬಿದರೋ ಇಲ್ಲವೋ... "ಮನೆಗೆ ಬನ್ನಿ" ಎಂದಷ್ಟೇ ಹೇಳಿ ಜನರ ನಡುವೆ ನಡೆದುಹೋದರು. ಮಗಳು ಕೊಲ್ಲಲಿಕ್ಕೆ ನೋಡಿದಳೆಂದು ನಿಜವಾಗಿಯೂ ನಂಬಿದ್ದರಾ ಎಂದು ಕೇಳಲು ಅಜ್ಜ ಈಗ ಇಲ್ಲ.